ಅತ್ತೆಯ ರಕ್ತ ತಗೊಂಡು ಹೋದರು, ಮನೆಗೆ ಏನು ಬಂತು?

ತೋಟದಮನೆ · ಸೋಮವಾರ ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಇದೇ ಮೊದಲು.

ನಮ್ಮದು ತಿಪಟೂರು ಕಡೆ ಹಳ್ಳಿ. ಅತ್ತೆಗೆ 72. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು. ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟು ಆಗಿದ್ದಾರೆ. ಈಚೆಗೆ ಮರೆವು ಬೇರೆ ಶುರುವಾಗಿದೆ.

ಏಳು ತಿಂಗಳ ಹಿಂದೆ ಇಬ್ಬರು ಹುಡುಗಿಯರು ಬಂದರು. ಹೆಗಲಿಗೆ ದೊಡ್ಡ ಬ್ಯಾಗು, ಕೈಯಲ್ಲಿ ಟ್ಯಾಬ್. ಸರ್ಕಾರದ ದುಡ್ಡಿನಲ್ಲಿ ವಯಸ್ಸಾದವರ ಆರೋಗ್ಯದ ಬಗ್ಗೆ ಸಂಶೋಧನೆ ನಡೀತಿದೆ, 60 ದಾಟಿದವರನ್ನು ಮಾತಾಡಿಸುತ್ತಿದ್ದೇವೆ ಎಂದರು. ಒಳ್ಳೆ ಹುಡುಗಿಯರು. ಸುಳ್ಳು ಹೇಳಬಾರದು, ತಾಳ್ಮೆಯಿಂದ ಮೂರು ಗಂಟೆ ಕೂತರು. ಪದಗಳನ್ನು ಓದಿ ವಾಪಸ್ ಹೇಳಿಸಿದರು. ಬಿ.ಪಿ. ನೋಡಿದರು. ಕೈಗೆ ಒಂದು ಕಬ್ಬಿಣದ ಹಿಡಿ ಕೊಟ್ಟು ಒತ್ತಿ ಅಂದರು. ಬಲಗೈಲಿ ಆಗುವುದಿಲ್ಲವಲ್ಲ, ಎಡಗೈಲಿ ಮಾತ್ರ ಒತ್ತಿಸಿದರು. ಅತ್ತೆ "ಮೂವತ್ತು ವರ್ಷ ಹಾಲು ಕರೆದ ಕೈ ಕಣಮ್ಮ" ಅಂತ ಹಲ್ಲು ಕಚ್ಚಿ ಒತ್ತಿದರು. ಮುಳ್ಳು ಸ್ವಲ್ಪ ಅಲ್ಲಾಡಿತು. ಆಮೇಲೆ ಎರಡು ಸಿರಿಂಜ್ ರಕ್ತ. ರಿಪೋರ್ಟ್ ಕಳಿಸುತ್ತೇವೆ ಅಂದರು. ಇವತ್ತಿನವರೆಗೂ ಬಂದಿಲ್ಲ.

ಅದಕ್ಕಿಂತ ಇನ್ನೊಂದು ವಿಷಯ ಮನಸ್ಸಿನಲ್ಲಿ ಕೂತಿದೆ. ಸ್ನಾನ ಯಾರು ಮಾಡಿಸುತ್ತಾರೆ ಅಂತ ಕೇಳಿದರು. ನಾನು ಅಂದೆ. ಊಟ? ನಾನು. ಮಾತ್ರೆ? ನಾನೇ. ರಾತ್ರಿ ಏಳಿಸಿ ಕರೆದುಕೊಂಡು ಹೋಗೋದು? ನಾನು. ಟಿಕ್, ಟಿಕ್, ಟಿಕ್. ಅಷ್ಟು ಸಲ "ನಾನು" ಅಂದೆನಲ್ಲ, ಆ ನಾನು ಹೇಗಿದ್ದೇನೆ ಅನ್ನುವ ಒಂದು ಪ್ರಶ್ನೆಯೂ ಆ ಟ್ಯಾಬಿನಲ್ಲಿ ಇರಲಿಲ್ಲ. ನನಗೆ 41. ಅವರ ಲೆಕ್ಕಕ್ಕೆ ನಾನು ಬರುವುದಿಲ್ಲ.

ಈ ಸಂಶೋಧನೆಗಳಿಂದ ಯಾರಿಗೆ ಏನು ಸಿಗುತ್ತದೆ? ಗೊತ್ತಿರುವವರು ಹೇಳಿ. ಜಗಳಕ್ಕೆ ಕೇಳುತ್ತಿಲ್ಲ.

ನಿವೃತ್ತ ಗುಮಾಸ್ತ · ಸೋಮವಾರ ರಾತ್ರಿ 10.41

ಸಿಗುವುದು ಅವರಿಗೆ ಪ್ರಮೋಷನ್ ತಾಯಿ, ನಿಮಗಲ್ಲ. ವಿಧವೆ ವೇತನ, ವೃದ್ಧಾಪ್ಯ ವೇತನದ ಫೈಲು ತಿರುವಿ ತಿರುವಿ ನಾನು ಸವೆದವನು. ಕೇಂದ್ರ ಸರ್ಕಾರ 60ರಿಂದ 79 ವಯಸ್ಸಿನವರಿಗೆ ಕೊಡುವ ವೃದ್ಧಾಪ್ಯ ವೇತನದ ಪಾಲು ತಿಂಗಳಿಗೆ 200 ರೂಪಾಯಿ. 80 ದಾಟಿದರೆ 500. ರಾಜ್ಯದವರು ಮೇಲೆ ಸೇರಿಸಿ ಕೊಡುತ್ತಾರೆ, ಅದು ಬೇರೆ ಮಾತು. ಮುದುಕರು ಹೇಗಿದ್ದಾರೆ ಅಂತ ತಿಳಿಯಲು ಕೋಟಿ ಕೋಟಿ ಖರ್ಚು ಯಾಕೆ? ಹೇಗಿದ್ದಾರೆ ಅಂತ ನಾನೇ ಹೇಳುತ್ತೇನೆ, ಬಿಟ್ಟಿಯಾಗಿ. ಆ ದುಡ್ಡನ್ನು ವೇತನಕ್ಕೆ ಹಾಕಲಿ.

ಫೀಲ್ಡ್‌ಬ್ಯಾಗ್ · ಸೋಮವಾರ ರಾತ್ರಿ 11.30

ಆ ಬ್ಯಾಗು ಹೊತ್ತವಳು ನಾನೂ ಹೌದು. ನಿಮ್ಮ ಮನೆಗೆ ಬಂದವಳಲ್ಲ, ಬೇರೆ ಜಿಲ್ಲೆಗಳಲ್ಲಿ, ಬೇರೆ ಅಧ್ಯಯನಕ್ಕೆ. ಅದಕ್ಕೇ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ರಿಪೋರ್ಟ್ ವಿಷಯ. ರಕ್ತ ತೆಗೆಯುವ ಮುಂಚೆ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿರುತ್ತಾರೆ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ಕೊನೆಯ ಪುಟದಲ್ಲಿ ಮುಖ್ಯ ಸಂಶೋಧಕರ ಮತ್ತು ಆ ಸಂಸ್ಥೆಯ ನೈತಿಕ ಸಮಿತಿಯ ಫೋನ್ ನಂಬರ್ ಇರುತ್ತದೆ. ಫೋನ್ ಮಾಡಿ. ಬೇಡಿಕೊಳ್ಳಬೇಡಿ, ಕೇಳಿ.

ಇನ್ನು ಗುಮಾಸ್ತ ಸರ್‌ಗೆ. "ನಾನೇ ಹೇಳುತ್ತೇನೆ" ಅಂದಿರಿ. ನೀವು ಹೇಳುವುದು ನಿಮ್ಮ ತಾಲ್ಲೂಕಿನದ್ದು. ಲಾಸಿ ಅಂತ, ವಯಸ್ಸಾಗುವುದರ ಬಗ್ಗೆ ಒಂದು ದೊಡ್ಡ ಅಧ್ಯಯನ ಇದೆ. 2010ರಲ್ಲಿ ನಾಲ್ಕು ರಾಜ್ಯಗಳಲ್ಲಿ ಅದರ ಪೂರ್ವ ಪ್ರಯೋಗ ನಡೆಯಿತು, ಅದರಲ್ಲಿ ಕರ್ನಾಟಕವೂ ಒಂದು. 2017–18ರಲ್ಲಿ ದೇಶದ ತುಂಬ 72,000ಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು, 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ. ಜನಸಂಖ್ಯೆಯ ಅಧ್ಯಯನ ಮಾಡುವ ಮುಂಬೈನ ಐಐಪಿಎಸ್ ಸಂಸ್ಥೆ ಮುಂದೆ ನಿಂತು ಮಾಡಿಸಿದ್ದು. ಆಮೇಲೆ ಅದರಲ್ಲೇ 60 ದಾಟಿದ 4,096 ಜನರನ್ನು ಮರೆವಿನ ಕಾಯಿಲೆಗಾಗಿ ಕೂಲಂಕಷವಾಗಿ ನೋಡಿದರು. 100ರಲ್ಲಿ 7.4 ಜನಕ್ಕೆ ಡಿಮೆನ್ಷಿಯಾ. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ಸುಮಾರು 88 ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಹಳ್ಳಿ ಗಾಳಿ, ಹಳ್ಳಿ ಊಟ, ಮರೆವು ಎಲ್ಲಿ ಬರುತ್ತೆ ಅನ್ನೋರಿಗೆ ಇದು ಮೊದಲು ಗೊತ್ತಿತ್ತಾ?

ಒಂದು ತಮಾಷೆ. ನೆನಪಿನ ಪರೀಕ್ಷೆಯಲ್ಲಿ "ಇವತ್ತು ಯಾವ ತಾರೀಕು?" ಅಂತ ಕೇಳಬೇಕು. ಒಬ್ಬ ಅಜ್ಜಿ "ಮೊನ್ನೆ ಅಮಾವಾಸ್ಯೆ ಆಯ್ತು, ಇವತ್ತು ತದಿಗೆ" ಅಂದರು. ತಾರೀಕು ಗೊತ್ತಿಲ್ಲ ಅಂತ ಸೊನ್ನೆ ಹಾಕಬೇಕಾ? ನಾನು ಪಕ್ಕದ ಮನೆಯ ಕ್ಯಾಲೆಂಡರ್ ನೋಡಿ ಬಂದೆ. ತದಿಗೆ ಸರಿಯಾಗಿತ್ತು, ನನಗೇ ಗೊತ್ತಿರಲಿಲ್ಲ. ಶಾಲೆಗೆ ಹೋಗದವರ ತಲೆ ಅಳೆಯಲು ಶಾಲೆಯವರ ಅಳತೆಗೋಲು ನಡೆಯುವುದಿಲ್ಲ. ಅದಕ್ಕೇ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ಬೇರೆಯೇ ಪರೀಕ್ಷೆಗಳನ್ನು ಕಟ್ಟಿಸಿದರು. ಇಂಥ ಕೆಲಸಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತದೆ ಹೇಳಿ.

ತೋಟದಮನೆಯವರೇ, ನಿಮ್ಮ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಟಿಕ್ ಹಾಕುತ್ತೇವೆ. ಹೌದು.

ಮಂಡಿ ಮೊಹಲ್ಲಾ · ಮಂಗಳವಾರ ಬೆಳಗ್ಗೆ 6.15

ಮೈಸೂರಿನವನು, ವಯಸ್ಸು 70ರ ಮೇಲೆ. ಬೆಳಗಿನ ಕಾಫಿ ಜೊತೆ ಇದನ್ನು ಓದಿದೆ.

ನಮ್ಮ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಎಲ್ಲರ ಬಾಯಲ್ಲೂ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸ, ಅಷ್ಟೇ. ಆ ದಫ್ತರಗಳು ಕಪಾಟಿನಲ್ಲಿ ಉಳಿದುಕೊಂಡವು. ಗೆದ್ದಲು ತಿನ್ನದೆ ಉಳಿದದ್ದೇ ದೊಡ್ಡದು.

ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಅನ್ನುವ ವಿಜ್ಞಾನಿ ಇದ್ದರು. ಹೊಟ್ಟೆಯಲ್ಲಿದ್ದಾಗ ಸರಿಯಾಗಿ ಬೆಳೆಯದ ಮಗುವಿಗೆ ದೊಡ್ಡವನಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಅನ್ನುವುದು ಅವರ ವಾದ. ಅವರಿದ್ದದ್ದು ಬ್ರಿಟನ್ ಸರ್ಕಾರದ ದುಡ್ಡಿನಲ್ಲಿ ನಡೆಯುವ ವೈದ್ಯಕೀಯ ಸಂಶೋಧನಾ ಮಂಡಳಿ ಎಂಆರ್‌ಸಿಯ ಘಟಕದಲ್ಲಿ. ಅವರ ಕಡೆಯವರು ಮತ್ತು ಮೈಸೂರಿನ ವೈದ್ಯರು ಸೇರಿ ಈ ದಫ್ತರ ಹಿಡಿದುಕೊಂಡು ಸುತ್ತಲಿನ ಮನೆ ಮನೆ ಅಲೆದರು. ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರಾ, ಅಪ್ಪ ಅಮ್ಮನ ಹೆಸರೇನು ಅಂತ. 1934ರಿಂದ 1954ರ ನಡುವೆ ಹುಟ್ಟಿದ 517 ಜನ ಸಿಕ್ಕರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ 2.5 ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. 3.1 ಕೆ.ಜಿ. ಮೇಲಿದ್ದವರಲ್ಲಿ ಬರೀ 3. ತೂಕ ಕಡಿಮೆ ಇದ್ದು, ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ಇದ್ದರೆ 20.

ಇದನ್ನು ಓದಿದಾಗ ನನಗೆ ನಮ್ಮಮ್ಮ ನೆನಪಾದಳು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದವಳು. ಬಸುರಿ ಇದ್ದಾಗಲೂ ಅಷ್ಟೇ ಅಂತ ದೊಡ್ಡಮ್ಮ ಹೇಳುತ್ತಿದ್ದರು. ನನಗೆ 56ರಲ್ಲಿ ಸ್ಟೆಂಟ್ ಬಿತ್ತು. ಎಣ್ಣೆ ತಿಂಡಿ ತಿಂದೆ ಅಂತ ಮನೆಯವರೆಲ್ಲ ಬೈದರು. ಬಜ್ಜಿಯ ಪಾಲು ಇಲ್ಲ ಅನ್ನುವುದಿಲ್ಲ. ಆದರೆ ಕಥೆ 1950ರ ಅಡುಗೆಮನೆಯಿಂದ ಶುರುವಾಗಿರಬಹುದು, ಅಲ್ವಾ?

ಆಮೇಲೆ ಅದೇ ದಫ್ತರದ ಜನರ ನೆನಪು, ಮನಸ್ಸಿನ ಆರೋಗ್ಯದ ಮೇಲೂ ಕೆಲಸ ನಡೆದಿದೆ. ಅದಕ್ಕೆ ದುಡ್ಡು ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ಮಾಡಿಕೊಂಡ ನಿಧಿಯಿಂದ.

ನಿವೃತ್ತ ಗುಮಾಸ್ತ · ಮಂಗಳವಾರ ಬೆಳಗ್ಗೆ 7.02

ದಫ್ತರದ ವಿಷಯಕ್ಕೆ ಒಂದು ಸಲಾಂ. ದಾಖಲೆ ಇಡುವವನಿಗೆ ಯಾರೂ ಹಾರ ಹಾಕುವುದಿಲ್ಲ. ಉಳಿದದ್ದಕ್ಕೆ ನನ್ನ ಮಾತು ಬದಲಾಗಿಲ್ಲ. ಬ್ರಿಟಿಷರ ದುಡ್ಡಲ್ಲಿ ನಮ್ಮ ತೂಕ ನೋಡಿದರು. ನಮ್ಮ ದುಡ್ಡು ಎಲ್ಲಿ?

ಡೆಟ್ರಾಯಿಟ್ ದೋಸೆ · ಮಂಗಳವಾರ ಬೆಳಗ್ಗೆ 8.50

ಇಲ್ಲಿ ಅಮೆರಿಕದಲ್ಲಿ ರಾತ್ರಿ. ಗುಮಾಸ್ತ ಸರ್, ದುಡ್ಡಿನ ಲೆಕ್ಕದಲ್ಲಿ ನಿಮ್ಮ ಕಡೆ ಸ್ವಲ್ಪ ಇದ್ದೇನೆ. 2020–21ರ ಲೆಕ್ಕದಲ್ಲಿ ಭಾರತ ಎಲ್ಲ ಬಗೆಯ ಸಂಶೋಧನೆಗೂ ಸೇರಿ ಹಾಕಿದ್ದು ಜಿಡಿಪಿಯ 0.64%. ಇಲ್ಲಿ ವಯಸ್ಸಾಗುವುದರ ಅಧ್ಯಯನಕ್ಕೆ ಅಂತಲೇ 1974ರಿಂದ ಒಂದು ಸರ್ಕಾರಿ ಸಂಸ್ಥೆ ಇದೆ, ಎನ್‌ಐಎ. ಮನೆ ಮೇಲೆ ದಾಳಿ ಮಾಡುವ ನಿಮ್ಮ ಎನ್‌ಐಎ ಅಲ್ಲ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್. ವರ್ಷಕ್ಕೆ 400 ಕೋಟಿ ಡಾಲರ್‌ಗೂ ಜಾಸ್ತಿ. ಮೇಲೆ ಹೇಳಿದ ಲಾಸಿಗೆ ನಮ್ಮ ಆರೋಗ್ಯ ಸಚಿವಾಲಯದ ಜೊತೆ ದುಡ್ಡು ಕೊಟ್ಟವರಲ್ಲಿ ಇವರೂ ಇದ್ದಾರೆ. ಖುಷಿಪಡುವ ಮಾತೂ ಹೌದು, ಯೋಚಿಸುವ ಮಾತೂ ಹೌದು. 2025ರ ಮೇ 1ರಂದು ಈ ಎನ್‌ಐಎಯ ಮಾತೃಸಂಸ್ಥೆ ಎನ್‌ಐಎಚ್, ತನ್ನ ಅನುದಾನದ ಪಾಲನ್ನು ಹೊರದೇಶದ ಸಂಸ್ಥೆಗಳಿಗೆ ದಾಟಿಸುವ ಹಳೆ ಪದ್ಧತಿಯನ್ನು ನಿಲ್ಲಿಸುತ್ತೇನೆ ಎಂದಿತು. ಪಕ್ಕದ ಮನೆಯ ಬಾವಿಯಿಂದ ನೀರು ಸೇದುವವರಿಗೆ ಹಗ್ಗ ಯಾರ ಕೈಲಿದೆ ಅನ್ನುವುದು ನೆನಪಿರಬೇಕು.

ಆರೈಕೆ ಮಾಡುವವರ ಬಗ್ಗೆ ಕೇಳಿದಿರಲ್ಲ. ಇದೇ ಎನ್‌ಐಎ ದುಡ್ಡಿನಲ್ಲಿ ರೀಚ್ ಅನ್ನುವ ಪ್ರಯೋಗ ನಡೆಯಿತು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ 642 ಜನ, 5 ನಗರಗಳು. ರೋಗಿಯನ್ನಲ್ಲ, ನೋಡಿಕೊಳ್ಳುವವರನ್ನೇ ಆರು ತಿಂಗಳು ಮನೆಗೆ ಹೋಗಿ, ಫೋನ್ ಮಾಡಿ ಮಾತಾಡಿಸಿದರು. ನಿದ್ದೆ ಹೇಗೆ, ಸಿಟ್ಟು ಬಂದಾಗ ಏನು ಮಾಡುತ್ತೀರಿ, ಮನೆಯಲ್ಲಿ ಜಾರುವ ಜಾಗ ಎಲ್ಲಿ, ಹೀಗೆ. 2006ರಲ್ಲಿ ಫಲಿತಾಂಶ ಬಂತು. ಎಲ್ಲ ಗುಂಪಿನವರಿಗೂ ಒಂದೇ ಥರ ಅಲ್ಲದಿದ್ದರೂ ಉಪಯೋಗ ಕಂಡಿತು. ಆಮೇಲೆ ಇಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳು ಅದನ್ನು ತಮ್ಮ ಸೇವೆಯಾಗಿಯೇ ಮಾಡಿಕೊಂಡವು. ಅಂದರೆ ಆ ಟ್ಯಾಬಿನಲ್ಲಿ ಇಲ್ಲದ ಪ್ರಶ್ನೆಯನ್ನು ಕೇಳಿದವರು ಇದ್ದಾರೆ.

ಕುಲದೇವತೆ ಆಯುರ್ ಪೌಡರ್ · ಮಂಗಳವಾರ ಬೆಳಗ್ಗೆ 9.10

[ಈ ಬರಹವನ್ನು ತೆಗೆಯಲಾಗಿದೆ]

ನಿರ್ವಾಹಕ · ಮಂಗಳವಾರ ಬೆಳಗ್ಗೆ 9.14

ಪುಡಿ ಮಾರಾಟ ಇಲ್ಲಿ ಬೇಡ. ಮೂರನೇ ಸಲ ಹೇಳುತ್ತಿದ್ದೇನೆ.

ಹಳೆ ಮರ್ಯಾದೆ · ಮಂಗಳವಾರ ಬೆಳಗ್ಗೆ 9.40

ಹಿರಿಯರನ್ನು ನೋಡಿಕೊಳ್ಳುವುದಕ್ಕೂ ಸಂಶೋಧನೆ, ತರಬೇತಿ ಬೇಕಾ? ನಮ್ಮ ಸಂಸ್ಕೃತಿಯಲ್ಲಿ ಅದು ತಾನಾಗಿ ಬರುತ್ತದೆ. ಅಮೆರಿಕದವರಿಗೆ ಬೇಕಾಗಬಹುದು.

ತೋಟದಮನೆ · ಮಂಗಳವಾರ ಬೆಳಗ್ಗೆ 11.05

ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಏಳುವವರು ಯಾರು ಅಂತ ಹೇಳಿ ಸ್ವಾಮಿ, ಅವರ ಹತ್ತಿರ ಮಾತಾಡುತ್ತೇನೆ.

ಪಿಎಚ್‌ಸಿ ಕುರ್ಚಿ · ಮಂಗಳವಾರ ಮಧ್ಯಾಹ್ನ 2.30

ಹಳ್ಳಿ ಪಿಎಚ್‌ಸಿ ಡಾಕ್ಟರ್. ಊಟದ ಹೊತ್ತಲ್ಲಿ ಬರೆಯುತ್ತಿದ್ದೇನೆ.

"ಮನೆಗೆ ಏನು ಬಂತು" ಅನ್ನುವುದಕ್ಕೆ ನನ್ನ ಉತ್ತರ, ಬಂದಿದೆ, ಆದರೆ ಮೇಲೆ ಹೆಸರು ಬರೆದುಕೊಂಡು ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲೂ ಹಳ್ಳಿಯಲ್ಲಿ ಒಂದು ಲೆಕ್ಕ ಓಡಾಡುತ್ತಿತ್ತು. ವಯಸ್ಸಿಗೆ 100 ಸೇರಿಸಿ, ಅಷ್ಟು ಬಿ.ಪಿ. ಇದ್ದರೆ ಸರಿ. 70ರ ಅಜ್ಜನಿಗೆ 170 ಇದ್ದರೆ "ವಯಸ್ಸಲ್ವಾ ಸಾರ್". ಹಿಂದೆ ಡಾಕ್ಟರುಗಳೂ ಹಾಗೇ ನಂಬಿದ್ದರು. ಅದನ್ನು ಅಲ್ಲಾಡಿಸಿದ್ದು ಅಮೆರಿಕ ಸರ್ಕಾರದ ದುಡ್ಡಿನಲ್ಲಿ 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ. ಒಂದೇ ಊರಿನ 5,209 ಜನರನ್ನು ದಶಕಗಟ್ಟಲೆ ಬೆನ್ನುಹತ್ತಿದರು. ಆಮೇಲೆ 1991ರಲ್ಲಿ ಫಲಿತಾಂಶ ಬಂದ ಶೆಪ್ ಪ್ರಯೋಗ. 60 ದಾಟಿದ, ಮೇಲಿನ ಬಿ.ಪಿ. ಮಾತ್ರ ಜಾಸ್ತಿ ಇದ್ದ 4,736 ಜನ. ಅರ್ಧ ಜನಕ್ಕೆ ಕ್ಲೋರ್ತಲಿಡೋನ್ ಅನ್ನುವ ಹಳೆ, ಅಗ್ಗದ ಮಾತ್ರೆಯಿಂದ ಶುರು ಮಾಡಿದರು. ಸ್ಟ್ರೋಕ್ 36% ಕಡಿಮೆಯಾಯಿತು. ಅದಕ್ಕೂ ಎನ್‌ಐಎ ದುಡ್ಡು ಸೇರಿತ್ತು. ಇವತ್ತು ನನ್ನ ಮೇಜಿನ ಮೇಲೆ 165 ಬಂದಾಗ ನಾನು ಸುಮ್ನೆ ಕಳಿಸುವುದಿಲ್ಲ ಅಂದರೆ ಕಾರಣ ಅದು.

ಕಂಪನಿಗಳು ಪೇಟೆಂಟ್ ಮುಗಿದ ಮಾತ್ರೆಯ ಮೇಲೆ ಯಾಕೆ ಕೋಟಿ ಸುರಿಯುತ್ತವೆ? ಉಪ್ಪಿನ ಮೇಲೆ? ಚೀನಾದ 600 ಹಳ್ಳಿಗಳಲ್ಲಿ, ಸುಮಾರು 21,000 ಜನರ ಮೇಲೆ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಅಡುಗೆ ಉಪ್ಪು ಕೊಟ್ಟು ಐದು ವರ್ಷ ನೋಡಿದರು. ದುಡ್ಡು ಆಸ್ಟ್ರೇಲಿಯಾ ಸರ್ಕಾರದ ಆರೋಗ್ಯ ಸಂಶೋಧನಾ ಮಂಡಳಿಯದು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸ್ಟ್ರೋಕ್ 14% ಕಡಿಮೆ. (ಇದನ್ನು ಓದಿ ನಾಳೆಯೇ ಅಂಗಡಿಗೆ ಹೋಗಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿ.ಪಿ. ಮಾತ್ರೆ ತಿನ್ನುವವರಿಗೆ ಪೊಟ್ಯಾಸಿಯಂ ಅಪಾಯ. ಕೇಳಿ ತಗೊಳ್ಳಿ. ಮತ್ತೆ ನಮ್ಮವರ ಉಪ್ಪು ಡಬ್ಬಿಯಲ್ಲಿ ಮಾತ್ರ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯಲ್ಲಿ ಇದೆ. "ನಾನು ಉಪ್ಪು ಬಿಟ್ಟಿದ್ದೇನೆ ಡಾಕ್ಟ್ರೇ" ಅಂದವರ ತಟ್ಟೆಯಲ್ಲಿ ಮೂರು ಬಾಳಕ ನೋಡಿದ್ದೇನೆ.)

ಗುಮಾಸ್ತರು "ನಮ್ಮ ದುಡ್ಡು ಎಲ್ಲಿ" ಅಂದರು. ಇಲ್ಲಿದೆ. ಐಸಿಎಂಆರ್ ದುಡ್ಡಿನ ಇಂಡಿಯಾಬ್ ಅಧ್ಯಯನ 1,13,043 ಜನರನ್ನು ಪರೀಕ್ಷೆ ಮಾಡಿತು. 2023ರಲ್ಲಿ ಲೆಕ್ಕ ಹೊರಬಂತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹೊಸ್ತಿಲಲ್ಲಿರುವವರನ್ನು ಹಿಂದಕ್ಕೆ ಎಳೆಯಬಹುದು ಅನ್ನುವುದನ್ನು ಚೆನ್ನೈನ ಪ್ರಯೋಗವೊಂದು 2006ರಲ್ಲೇ ತೋರಿಸಿತ್ತು. ನಡಿಗೆ, ಊಟದ ಹಿಡಿತದಿಂದ ಕಾಯಿಲೆಗೆ ಬೀಳುವವರು 28.5% ಕಡಿಮೆಯಾದರು. ನಮ್ಮ ರಾಜ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿ.ಪಿ., ಸಕ್ಕರೆಯನ್ನು ಮನೆ ಬಾಗಿಲಲ್ಲಿ ನೋಡುವುದರ ಹಿಂದೆ ಇಂಥ ಲೆಕ್ಕಗಳ ಪಾಲೂ ಇದೆ ಅಂತ ನನ್ನ ಅನಿಸಿಕೆ.

ತೋಟದಮನೆಯವರೇ, ನಿಮಗೆ 41 ಅಂದಿರಿ. ನಿಮ್ಮ ಬಿ.ಪಿ. ಯಾರಾದರೂ ಯಾವತ್ತಾದರೂ ನೋಡಿದ್ದಾರಾ?

ತೋಟದಮನೆ · ಮಂಗಳವಾರ ರಾತ್ರಿ 9.55

ಎರಡನೇ ಹೆರಿಗೆ ಹೊತ್ತಲ್ಲಿ ನೋಡಿದ್ದರು ಡಾಕ್ಟ್ರೇ. ಮಗ ಈಗ ಎಂಟನೇ ಕ್ಲಾಸು.

ಕಟ್ಟೆಮೇಲಿನ ಫಿಜಿಯೋ · ಮಂಗಳವಾರ ರಾತ್ರಿ 11.10

ಸ್ಟ್ರೋಕ್ ರೋಗಿಗಳ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಫಿಜಿಯೋಥೆರಪಿಸ್ಟ್. ತೋಟದಮನೆಯವರಿಗೆ ಒಂದು ಪ್ರಶ್ನೆ. ಡಿಸ್ಚಾರ್ಜ್ ಆಗುವಾಗ ವ್ಯಾಯಾಮ ಹೇಳಿಕೊಟ್ಟಿದ್ದರಾ? ಮಾಡಿಸಿದಿರಾ?

ತೋಟದಮನೆ · ಬುಧವಾರ ಬೆಳಗ್ಗೆ 5.30

ಹೇಳಿಕೊಟ್ಟಿದ್ದರು. ಒಂದು ಚೀಟಿಯಲ್ಲಿ ಚಿತ್ರ ಹಾಕಿ ಕೊಟ್ಟಿದ್ದರು. ಬೆಳಗ್ಗೆ ಅರ್ಧ ಗಂಟೆ, ಸಾಯಂಕಾಲ ಅರ್ಧ ಗಂಟೆ. ಮೊದಲ ಆರು ತಿಂಗಳು ಒಂದು ದಿನ ತಪ್ಪಿಸಿಲ್ಲ, ಹಬ್ಬದ ದಿನವೂ. ಕೈ ಏಳಲಿಲ್ಲ. ನಮ್ಮ ನಾದಿನಿ ಬಂದಾಗಲೆಲ್ಲ ಒಂದೇ ಮಾತು, "ಸರಿಯಾಗಿ ಮಾಡಿಸಿದ್ದರೆ ಅಮ್ಮ ಎದ್ದು ಓಡಾಡುತ್ತಿದ್ದಳು". ಬೀಗರ ಮನೆಯ ಮದುವೆಯಲ್ಲಿ ನಾಲ್ಕು ಜನರ ಎದುರಿಗೂ ಅಂದರು. ನಾನೂ ಹಾಗೇ ಅಂದುಕೊಂಡಿದ್ದೇನೆ. ಎಲ್ಲೋ ಏನೋ ತಪ್ಪು ಮಾಡಿದೆ ಅಂತ.

ಕಟ್ಟೆಮೇಲಿನ ಫಿಜಿಯೋ · ಬುಧವಾರ ಬೆಳಗ್ಗೆ 7.20

ಹಾಗಾದರೆ ಇದನ್ನು ನಿಧಾನವಾಗಿ ಓದಿ. ಬೇಕಿದ್ದರೆ ನಾದಿನಿಗೂ ಓದಿ ಹೇಳಿ.

ಭಾರತದ ಹಳ್ಳಿ, ಪಟ್ಟಣದಲ್ಲಿ ಫಿಜಿಯೋಗಳು ಸಾಕಷ್ಟಿಲ್ಲ. ಹಾಗಾಗಿ ಎಲ್ಲರಿಗೂ ಒಂದು ಆಸೆ ಇತ್ತು. ಮನೆಯವರಿಗೇ ಕಲಿಸಿಬಿಟ್ಟರೆ? ಖರ್ಚು ಇಲ್ಲ, ಪ್ರೀತಿ ಇದೆ, ಸಮಯ ಇದೆ (ಇದೆಯಂತೆ!). ಅದನ್ನು ಪರೀಕ್ಷಿಸಲು ಅಟೆಂಡ್ ಅನ್ನುವ ಪ್ರಯೋಗ ಮಾಡಿದರು. ಇದಕ್ಕೂ ದುಡ್ಡು ಆಸ್ಟ್ರೇಲಿಯಾದ ಅದೇ ಸರ್ಕಾರಿ ಮಂಡಳಿಯದು, ನಡೆದದ್ದು ಮಾತ್ರ ಭಾರತದ 14 ಆಸ್ಪತ್ರೆಗಳಲ್ಲಿ. 1,250 ರೋಗಿಗಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ, ಮನೆಯ ಒಬ್ಬರಿಗೆ ಆಸ್ಪತ್ರೆಯಲ್ಲಿ ತರಬೇತಿ, ಆಮೇಲೆ ಮನೆಗೆ ಬಂದು ಮತ್ತೆ ಹೇಳಿಕೊಡುವುದು. ನಿಮಗೆ ಸಿಕ್ಕ ಚೀಟಿಗಿಂತ ಎಷ್ಟೋ ಜಾಸ್ತಿ.

2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆ ಬೇಕಾದವರು, ತರಬೇತಿ ಪಡೆದ ಗುಂಪಿನಲ್ಲಿ 47%. ತರಬೇತಿ ಇಲ್ಲದ ಗುಂಪಿನಲ್ಲೂ 47%.

ನಾನೂ ಆ ತರಬೇತಿಯ ಕಡೆಯವನೇ ಆಗಿದ್ದೆ. ಓದಿದ ದಿನ ಬೇಜಾರಾಯಿತು. ಎಷ್ಟು ಸೊಸೆಯಂದಿರಿಗೆ, ಹೆಂಡತಿಯರಿಗೆ "ನಿಮ್ಮ ಕೈಯಲ್ಲೇ ಇದೆ ಅಮ್ಮ" ಅಂತ ಹೇಳಿ ಕಳಿಸಿದ್ದೆ. ಧೈರ್ಯ ತುಂಬಲು ಹೇಳಿದ್ದು. ಅವರ ಕಿವಿಗೆ ಅದು "ಏಳದಿದ್ದರೆ ತಪ್ಪು ನಿಮ್ಮದು" ಅಂತ ಬಿದ್ದಿರಬೇಕು.

ತಪ್ಪು ತಿಳಿಯಬೇಡಿ. ವ್ಯಾಯಾಮ ದಂಡ ಅಂತ ಈ ಪ್ರಯೋಗ ಹೇಳುವುದಿಲ್ಲ. ಪರಿಣತರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ಹಾಕಿದರೆ ಫಲಿತಾಂಶ ಬದಲಾಗಲಿಲ್ಲ ಅಂತ ಹೇಳುತ್ತದೆ. ಮಿದುಳಿನಲ್ಲಿ ಎಷ್ಟು ಜಾಗ ಹೋಗಿದೆ, ಎಲ್ಲಿ ಹೋಗಿದೆ, ಎಷ್ಟು ಬೇಗ ಆಸ್ಪತ್ರೆಗೆ ಸೇರಿದರು, ಇವು ನಿಮ್ಮ ಬೆಳಗಿನ ಅರ್ಧ ಗಂಟೆಗಿಂತ ದೊಡ್ಡವು. ಅತ್ತೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ ಅಂದಿರಿ. ಮೂರು ವರ್ಷ ಬೆನ್ನು ಹುಣ್ಣಾಗಿಲ್ಲ ತಾನೆ? ಅದು ನೀವು ಮಾಡಿದ್ದು.

ತೋಟದಮನೆ · ಬುಧವಾರ ಬೆಳಗ್ಗೆ 7.48

ಹುಣ್ಣು ಒಂದೂ ಆಗಿಲ್ಲ.

ಇದನ್ನು ಯಾರೂ ನನಗೆ ಹೇಳಿರಲಿಲ್ಲ. 2017 ಅಂದಿರಲ್ಲ? ಅತ್ತೆ ಬೀಳುವ ಎಷ್ಟು ವರ್ಷ ಮುಂಚೆಯೇ ಗೊತ್ತಿತ್ತು.

ಆಮೇಲೆ ಬರೆಯುತ್ತೇನೆ. ಹಾಲಿನ ವ್ಯಾನ್ ಬಂತು.

ಕಾರವಾರ ಕಡಲು · ಬುಧವಾರ ಬೆಳಗ್ಗೆ 10.00

ನಮ್ಮ ಪಕ್ಕದ ಗೋವಾದಲ್ಲಿ ಇದಕ್ಕೆ ಜೊತೆಯಾಗುವ ಕೆಲಸ ನಡೆದಿದೆ, ಮರೆವಿನ ಕಾಯಿಲೆಯವರ ಮನೆಗಳಲ್ಲಿ. 81 ಕುಟುಂಬ. ಡಾಕ್ಟರಲ್ಲ, ನರ್ಸಲ್ಲ, ಸ್ಥಳೀಯ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಹದಿನೈದು ದಿನಕ್ಕೊಮ್ಮೆಯಾದರೂ ಮನೆಗೆ ಕಳಿಸಿದರು. ಬಂದವರು ಮನೆಯವರ ಮಾತು ಕೇಳಿದರು, ಕಾಯಿಲೆ ಏನು ಅಂತ ಬಿಡಿಸಿ ಹೇಳಿದರು, ಉಳಿದ ಬಂಧುಗಳನ್ನೂ ಕೂರಿಸಿ ಕೆಲಸ ಹಂಚಿಕೊಳ್ಳಿ ಅಂದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ನೋಡಿಕೊಳ್ಳುವವರ ಮನಸ್ಸಿನ ಭಾರ ಕಡಿಮೆಯಾಗಿತ್ತು. ಫಿಜಿಯೋ ಹೇಳಿದ ಪ್ರಯೋಗದ ಜೊತೆ ಇಟ್ಟು ನೋಡಿ. ಅಲ್ಲಿ ಮನೆಯವರಿಗೆ ಕೆಲಸ ಸೇರಿಸಿದರು, ಇಲ್ಲಿ ಮನೆಯವರ ಜೊತೆ ಒಬ್ಬರನ್ನು ಸೇರಿಸಿದರು. ಹಾಗಂತ ಎರಡೂ ಕಾಯಿಲೆ ಬೇರೆ, ನೇರ ಹೋಲಿಕೆ ಸರಿಯಲ್ಲ ಅಂತ ನನ್ನ ಮಗಳು ಪಕ್ಕದಲ್ಲಿ ಕೂತು ತಿದ್ದುತ್ತಿದ್ದಾಳೆ.

ಮಾವಿನತೋಪು · ಬುಧವಾರ ಮಧ್ಯಾಹ್ನ 1.15

ಶ್ರೀನಿವಾಸಪುರದವನು. ನಮ್ಮ ತಾಲ್ಲೂಕಿಗೆ ಮಾವು ಬಿಟ್ಟರೆ ಈಗ ಇದೇ ಹೆಸರು. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ನೋಡುವ ಗುರಿ ಇಟ್ಟುಕೊಂಡಿದ್ದಾರೆ, ಸ್ಯಾನ್ಸ್‌ಕಾಗ್ ಅಂತ. ಅದರ ದುಡ್ಡು ಬಹುಪಾಲು ದಾನಿಗಳದ್ದು, ಹಾಗಾಗಿ ಈ ಚರ್ಚೆಗೆ ನೇರ ಸೇರುವುದಿಲ್ಲ. ಅದೇ ಕೇಂದ್ರ ಮುಂದಾಳಾಗಿ ಮಾಡಿದ ಜೀನೋಮ್ ಇಂಡಿಯಾ ಮಾತ್ರ ಸರ್ಕಾರದ್ದು. 10,000 ಭಾರತೀಯರ ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ವಿವರ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಟ್ಟರು.

ನನಗೆ ಇಷ್ಟವಾದ ಇನ್ನೊಂದು. ಹೈದರಾಬಾದ್‌ನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿದಾಗ, ಎರಡು ಭಾಷೆ ಆಡುವವರಿಗೆ ಕಾಯಿಲೆ 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ. 2013ರ ಮಾತು. ಎಲ್ಲ ಕಡೆಯ ಅಧ್ಯಯನಗಳು ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ನಮ್ಮಮ್ಮನಿಗೆ ಹೇಳಿದೆ. "ಹಂಗಾದ್ರೆ ಉರ್ದು ಬೇರೆ ಕಲೀತೀನಿ ತಾಳು" ಅಂದಳು.

ಫೀಲ್ಡ್‌ಬ್ಯಾಗ್ · ಬುಧವಾರ ರಾತ್ರಿ 10.30

ಫಿಜಿಯೋ ಬರೆದದ್ದು ಓದಿ ಇವತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಮ್ಮ ತಂಡದಲ್ಲಿ ಕೇಳಿದೆ, ಮುಗಿದ ಅಧ್ಯಯನದ ಫಲಿತಾಂಶವನ್ನು ಹಳ್ಳಿಗೆ ಹೋಗಿ ಹೇಳಲು ಬಜೆಟ್ಟಿನಲ್ಲಿ ಸಾಲು ಇದೆಯಾ ಅಂತ. ಹೋಗಲು, ರಕ್ತ ತೆಗೆಯಲು, ಬಾಟಲಿ ಐಸಿನಲ್ಲಿ ಸಾಗಿಸಲು ಇದೆ. ವಾಪಸ್ ಹೋಗಲು ಇಲ್ಲ. ಮುಂದಿನ ಅರ್ಜಿಯಲ್ಲಿ ಬರೆಯೋಣ ಅಂದರು. ನೋಡೋಣ.

ನಿವೃತ್ತ ಗುಮಾಸ್ತ · ಬುಧವಾರ ರಾತ್ರಿ 10.52

ಆ ಸಾಲು ಬರೆಸಿ. ವಾಪಸ್ ಹೋಗುವ ಬಸ್ ಚಾರ್ಜು. ಅದಕ್ಕೆ ನಾನು ತಕರಾರು ಮಾಡುವುದಿಲ್ಲ.

ತೋಟದಮನೆ · ಮೂರು ವಾರದ ನಂತರ, ಭಾನುವಾರ ರಾತ್ರಿ 9.15

ತಡವಾಯಿತು, ಕೊಬ್ಬರಿ ಕೆಲಸ ಇತ್ತು.

ಒಪ್ಪಿಗೆ ಪತ್ರ ಹುಡುಕಿದೆ. ಅತ್ತೆಯ ಟ್ರಂಕಿನಲ್ಲಿ ಪಹಣಿ ಜೊತೆ ಮಡಚಿ ಇಟ್ಟಿದ್ದರು. ಮರೆವು ಅಂತೀವಿ ನಾವು. ಕೊನೇ ಪುಟದಲ್ಲಿ ನಂಬರ್ ಇತ್ತು. ಮೊದಲ ದಿನ ಯಾರೂ ಎತ್ತಲಿಲ್ಲ. ಎರಡನೇ ನಂಬರಿಗೆ ಮಾಡಿದೆ, ಸಮಿತಿಯವರು ಎತ್ತಿದರು. ಎಂಟು ದಿನದಲ್ಲಿ ರಿಪೋರ್ಟ್ ಬಂತು, ಇಂಗ್ಲಿಷಿನಲ್ಲಿ. ಮಗ ಓದಿದ. ಸಕ್ಕರೆ ಹೊಸ್ತಿಲಲ್ಲಿದೆ, ರಕ್ತ ಕಡಿಮೆ ಇದೆ. ಪಿಎಚ್‌ಸಿಗೆ ತೋರಿಸಿದ್ದೇವೆ.

ಅಲ್ಲೇ ನನ್ನದೂ ನೋಡಿ ಅಂತ ಕೈ ಚಾಚಿದೆ. 148/94. ಮತ್ತೆ ಎರಡು ಸಲ ಬಂದು ತೋರಿಸಿ, ಆಮೇಲೆ ಹೇಳುತ್ತೇವೆ ಅಂದಿದ್ದಾರೆ. ಬಾಳಕ ಬಿಟ್ಟಿದ್ದೇನೆ. ಉಪ್ಪಿನಕಾಯಿ ಇನ್ನೂ ಬಿಟ್ಟಿಲ್ಲ, ಸುಳ್ಳು ಯಾಕೆ.

ನಾದಿನಿ ಹೋದ ವಾರ ಬಂದಿದ್ದರು. ಫಿಜಿಯೋ ಬರೆದದ್ದನ್ನು ಮೊಬೈಲಿನಲ್ಲಿ ತೆಗೆದು ಕೈಗೆ ಕೊಟ್ಟೆ. ಪೂರ್ತಿ ಓದಿದರು. ಏನೂ ಹೇಳಲಿಲ್ಲ. ಆ ರಾತ್ರಿ ಎರಡು ಗಂಟೆಗೆ ಅತ್ತೆ ಕರೆದಾಗ ನಾನು ಏಳುವಷ್ಟರಲ್ಲಿ ಅವರೇ ಎದ್ದು ಹೋಗಿದ್ದರು.

ಫೀಲ್ಡ್‌ಬ್ಯಾಗ್ ಅವರೇ, ನಿಮ್ಮ ಕಡೆಯವರಿಗೆ ಒಂದು ಮಾತು ಮುಟ್ಟಿಸಲು ಆಗುತ್ತದಾ? ಆ ಹುಡುಗಿಯರು ಮತ್ತೆ ಯಾವಾಗ ಬರುತ್ತಾರೆ ಅಂತ ಅತ್ತೆ ಎರಡು ದಿನಕ್ಕೊಮ್ಮೆ ಕೇಳುತ್ತಾರೆ. ಆವತ್ತು ಬರೀ ಎಡಗೈಲಿ ಒತ್ತಿಸಿದರಂತೆ. ಬಲಗೈದೂ ಒಂದು ಸಲ ನೋಡಲಿ ಅಂತ.